ಚಾರ್ಲ್ಸ್‌ಟನ್ ವಿಮಾನ ತಪ್ಪಿದ ಗುರುವಾರ

ನಮ್ಮ ಯಜಮಾನರ ಮಾತು ನಿಂತದ್ದು ಜುಲೈ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಉಪ್ಪಿಟ್ಟು ತಿನ್ನುತ್ತ ಕುಳಿತಿದ್ದಾಗ. ನಾನು ಅವರಿಗೆ ಬೆನ್ನು ಹಾಕಿ, ಫ್ರೀಜರಿನಿಂದ ತೆಗೆದ ತೆಂಗಿನ ತುರಿಯ ಗಟ್ಟಿಯನ್ನು ಚಾಕುವಿನಿಂದ ಒಡೆಯುತ್ತಿದ್ದೆ. ಅವರು ಯಾವುದೋ ಸೇತುವೆಯ ವಿಷಯ ಹೇಳುತ್ತಿದ್ದರು. ಸೇತುವೆಗಳ ತಪಾಸಣೆಯೇ ಅವರ ಉದ್ಯೋಗವಾಗಿದ್ದರಿಂದ ಅವರು ಯಾವಾಗಲೂ ಸೇತುವೆಯ ವಿಷಯ ಹೇಳುವವರು, ನಾನು ಯಾವಾಗಲೂ "ಹೂಂ" ಅನ್ನುವವಳು. ಆ ದಿನವೂ ಮೂರು ನಾಲ್ಕು ಸಲ "ಹೂಂ" ಅಂದೆ. ಹಿಂದಿನಿಂದ ಬರುತ್ತಿದ್ದ ಮಾತು ಕಲಸಿಹೋಗಿ ಬರೀ ಸದ್ದಾಗಿದೆ ಎಂದು ನನಗೆ ತಿಳಿಯಲು ಎಷ್ಟು ಹೊತ್ತು ಹಿಡಿಯಿತೋ, ಇವತ್ತಿಗೂ ಅದನ್ನು ಯೋಚಿಸಲು ಧೈರ್ಯವಿಲ್ಲ. ತಿರುಗಿ ನೋಡಿದಾಗ ಚಮಚ ನೆಲದಲ್ಲಿತ್ತು, ಬಾಯಿ ಒಂದು ಕಡೆಗೆ ಜಾರಿತ್ತು, ಕಣ್ಣು ಮಾತ್ರ ನನ್ನನ್ನೇ ನೋಡುತ್ತಿತ್ತು.

ನಂಜನಗೂಡಿನ ಶ್ರೀಕಂಠೇಶ್ವರನನ್ನು ನಂಬಿದವರೆಲ್ಲ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನನ್ನ ಹೆಸರು ಸುಮಿತ್ರಾ, ಹುಟ್ಟಿ ಬೆಳೆದದ್ದು ಮೈಸೂರು. ಈಗ ಇರುವುದು ವರ್ಜೀನಿಯಾದ ಆಲ್ಡಿಯಲ್ಲಿ. ರೆಸ್ಟನ್ನಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ಅಂದರೆ ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸ. ಮನೆಯಲ್ಲಿ ಯಾರೂ ಕೇಳದಿದ್ದರೂ ಅದನ್ನೇ ಮಾಡುತ್ತೇನೆ ಎಂದು ಯಜಮಾನರು ನಗುತ್ತಿದ್ದರು. ಅವರ ಹೆಸರು ಪ್ರಭಾಕರ. ಮಗಳು ಒಬ್ಬಳೇ, ಅನಘಾ. ಇಲ್ಲೇ ಹುಟ್ಟಿದವಳು, ನಾರ್ತ್ ಕ್ಯಾರೊಲಿನಾದ ಏಪೆಕ್ಸ್‌ನಲ್ಲಿ ಕೆಲಸದಲ್ಲಿದ್ದಾಳೆ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಇಲ್ಲಿನ ಮನೆಗಳಲ್ಲಿ ಇದು ಮಾಮೂಲು.

ಆಂಬ್ಯುಲೆನ್ಸ್ ಬೇಗ ಬಂತು. ಡಾಕ್ಟರುಗಳು ಜೀವ ಉಳಿಸಿದರು, ಅವರ ಕೈಗೆ ಕೋಟಿ ನಮಸ್ಕಾರ. ಮೆದುಳಿನ ಎಡಭಾಗಕ್ಕೆ ರಕ್ತ ಹೋಗದೆ ಪಾರ್ಶ್ವವಾಯು ಆಗಿತ್ತು. ಬಲಗೈ, ಬಲಗಾಲು ಸೋತಿದ್ದವು. ಮಾತು ಪೂರ್ತಿ ಹೋಗಿತ್ತು. "ನೀವು ಹೇಳುವುದು ಅವರಿಗೆ ಅರ್ಥವಾಗುತ್ತೆ. ಏನು ಹೇಳಬೇಕು ಅನ್ನುವುದೂ ಗೊತ್ತು. ಅದು ಬಾಯಿಗೆ ಬರುವ ದಾರಿ ಮುಚ್ಚಿದೆ," ಎಂದು ಡಾಕ್ಟರ್ ಹೇಳಿದರು. ತೆರೆಯುತ್ತದೆಯೇ ಎಂದು ಕೇಳಿದೆ. ಕಾದು ನೋಡೋಣ ಅಂದರು. ಡಾಕ್ಟರುಗಳು ಹಾಗೆ ಹೇಳಿದರೆ ಏನರ್ಥ ಎಂದು ನಿಮಗೂ ಗೊತ್ತು.

ಮೂರನೆಯ ದಿನ ಆಸ್ಪತ್ರೆಯಲ್ಲಿ ಅವರ ಪಕ್ಕ ಕುಳಿತು ಪಂಚಾಕ್ಷರಿ ಜಪಿಸುತ್ತಿದ್ದೆ. ಇದ್ದಕ್ಕಿದ್ದಂತೆ ಅವರೂ ನನ್ನ ಜೊತೆ "ಓಂ ನಮಃ ಶಿವಾಯ" ಅಂದರು. ಸ್ಪಷ್ಟವಾಗಿ, ತಡವರಿಸದೆ. ನಾನು ಓಡಿ ಹೋಗಿ ನರ್ಸನ್ನು ಕರೆತಂದೆ. ನೀರು ಬೇಕಾ ಎಂದು ನರ್ಸ್ ಕೇಳಿದರೆ ಬಾಯಿ ತೆರೆದು ಒದ್ದಾಡಿದರು, ಒಂದಕ್ಷರವೂ ಬರಲಿಲ್ಲ. ಬಾಯಿಪಾಠವಾಗಿರುವ ಮಾತು ಮೆದುಳಿನಲ್ಲಿ ಬೇರೆ ಕಡೆ ಇರುತ್ತದಂತೆ, ಅದು ಉಳಿದಿದೆ, ಮಿಕ್ಕಿದ್ದು ಇಲ್ಲ ಎಂದು ಡಾಕ್ಟರ್ ಹೇಳಿದರು. ನನಗೆ ದೇವರ ಮೇಲೆ ಸಿಟ್ಟು ಬಂತು. ನಿನ್ನ ಹೆಸರೊಂದನ್ನು ಉಳಿಸಿಕೊಂಡು ನಮ್ಮದನ್ನೆಲ್ಲ ಕಿತ್ತುಕೊಂಡೆಯಲ್ಲ, ಇದು ಯಾವ ನ್ಯಾಯ ಎಂದು ಅಲ್ಲೇ ಕಾರಿಡಾರಿನಲ್ಲಿ ನಿಂತು ಕೇಳಿದೆ. ಭಕ್ತೆ ಹೀಗೆಲ್ಲ ಬರೆಯಬಾರದು ಎಂದು ನಿಮಗನ್ನಿಸಬಹುದು. ಆದರೆ ನಡೆದದ್ದು ಹಾಗೆಯೇ.

ಮನೆಗೆ ಬಂದ ಮೇಲೆ ವಾರಕ್ಕೆ ಎರಡು ಸಲ ರೆಸ್ಟನ್ನಿಗೆ ಸ್ಪೀಚ್ ಥೆರಪಿಗೆ ಕರೆದುಕೊಂಡು ಹೋಗುತ್ತಿದ್ದೆ. ಥೆರಪಿಸ್ಟ್ ಹೆಸರು ಕ್ಯಾರೊಲ್, ತುಂಬ ತಾಳ್ಮೆಯ ಹೆಂಗಸು. ಲೋಟದ ಚಿತ್ರ, ಬೀಗದ ಕೈ ಚಿತ್ರ ತೋರಿಸಿ ಇದೇನು ಎಂದು ಕೇಳುತ್ತಿದ್ದರು. ಯಜಮಾನರು ಬೆವರುತ್ತಿದ್ದರು. "ಇದು... ಇದು..." ಎನ್ನುವುದಷ್ಟೇ ಬರುತ್ತಿತ್ತು. ದೊಡ್ಡ ದೊಡ್ಡ ಸೇತುವೆಗಳ ಕೆಳಗೆ ನಿಂತು ಇಲ್ಲಿ ಬಿರುಕಿದೆ ನೋಡಿ ಎಂದು ಹತ್ತು ಜನಕ್ಕೆ ವಿವರಿಸುತ್ತಿದ್ದ ಮನುಷ್ಯ, ಲೋಟ ಎನ್ನಲಾಗದೆ ಕಣ್ಣೀರು ಹಾಕುತ್ತಿದ್ದರು.

ನೋಡಲು ಬಂದ ಸ್ನೇಹಿತರು ಡಬ್ಬಿಗಳಲ್ಲಿ ಸಾರು, ಪಲ್ಯ ತಂದರು, ಒಳ್ಳೆಯ ಜನ. ಆದರೆ ಯಜಮಾನರ ಜೊತೆ ಮಗುವಿನ ಜೊತೆ ಮಾತಾಡಿದಂತೆ ಜೋರಾಗಿ, ನಿಧಾನವಾಗಿ ಮಾತಾಡುತ್ತಿದ್ದರು. ನಾನೂ ಹಾಗೆಯೇ ಆದೆ. ಅಂಗಿ ಗುಂಡಿ ತಪ್ಪು ಹಾಕಿಕೊಂಡರೂ "ಪರವಾಗಿಲ್ಲ ರೀ," ಮಾತ್ರೆ ಮರೆತರೂ "ಪರವಾಗಿಲ್ಲ ರೀ." ಮದುವೆಯಾದಾಗಿನಿಂದ ದಿನಕ್ಕೊಂದು ಸಲವಾದರೂ ಅವರ ಮೇಲೆ ರೇಗುತ್ತಿದ್ದವಳು ಎಂಟು ತಿಂಗಳು ಒಂದು ಗಟ್ಟಿ ಮಾತು ಆಡಲಿಲ್ಲ. ಆಡಲು ನನಗೇನು ಹಕ್ಕಿತ್ತು? "ಸ್ವಲ್ಪ ಹೊತ್ತು ಸುಮ್ನಿರ್ತೀರಾ ರೀ" ಎಂದು ಅವರಿಗೆ ಸಾವಿರ ಸಲ ಹೇಳಿದವಳು ನಾನೇ. ಈಗ ಸುಮ್ಮನಿದ್ದರು.

ಜನವರಿಯಲ್ಲಿ ಒಂದು ದಿನ ಕ್ಯಾರೊಲ್ ನನ್ನನ್ನು ಕೇಳಿದರು, ನಿಮ್ಮ ಗಂಡನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಯಾವುದು, ಅದರಿಂದ ಶುರು ಮಾಡೋಣ ಎಂದು. ನಾನು ಯೋಚಿಸದೆ ಚಾರ್ಲ್ಸ್‌ಟನ್ ಅಂದೆ.

ಸೌತ್ ಕ್ಯಾರೊಲಿನಾದ ಆ ಹಳೆಯ ಬಂದರು ಪಟ್ಟಣಕ್ಕೆ ಮುನ್ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಬೇರೆಯವರು ಅಲ್ಲಿಗೆ ಹೋಗುವುದು ಬಂದರಿನ ಕೋಟೆ ನೋಡಲು, ಹೂವಿನ ತೋಟ ನೋಡಲು. ನಮ್ಮವರಿಗೆ ಬೇಕಾಗಿದ್ದದ್ದು ಗೋಡೆಗಳು. ಹಿಂದೊಮ್ಮೆ ಅಲ್ಲಿ ದೊಡ್ಡ ಭೂಕಂಪವಾಗಿ ಮನೆಗಳೆಲ್ಲ ಬಿರುಕು ಬಿಟ್ಟಾಗ, ಜನ ಈ ಗೋಡೆಯಿಂದ ಆ ಗೋಡೆಗೆ ಕಬ್ಬಿಣದ ಸರಳು ತೂರಿಸಿ, ಹೊರಗಡೆ ಬಿಲ್ಲೆ ಇಟ್ಟು ಬಿಗಿದರಂತೆ. ಆ ಬಿಲ್ಲೆಗಳು ಇವತ್ತಿಗೂ ಕಾಣುತ್ತವಂತೆ. ಇದನ್ನು ನಾನು ಊಟದ ಮೇಜಿನ ಮುಂದೆ ಎಷ್ಟು ಸಲ ಕೇಳಿದ್ದೇನೋ. 2020ರ ಏಪ್ರಿಲ್‌ಗೆ ಟಿಕೆಟ್ ಕೂಡ ತೆಗೆದಿದ್ದೆವು. ಕೋವಿಡ್ ಬಂದು ಎಲ್ಲ ರದ್ದಾಯಿತು. ಆಮೇಲೆ ಮುಂದಿನ ವರ್ಷ ನೋಡೋಣ, ಮುಂದಿನ ವರ್ಷ ನೋಡೋಣ ಎಂದು ನಾನೇ ತಳ್ಳುತ್ತ ಬಂದೆ.

ಅವರು ಪ್ರವಾಸಕ್ಕೆ ಪ್ಲಾನ್ ಮಾಡುವ ರೀತಿ ಬೇರೆಯೇ. ಅರ್ಧರ್ಧ ಗಂಟೆಗೆ ಒಂದು ಸಾಲು, ಪಕ್ಕದಲ್ಲಿ ನಕ್ಷೆ, ಮಳೆ ಬಂದರೆ ಬೇರೆ ಹಾಳೆ. ಆ ಹಳೆಯ ಫೈಲನ್ನು ಹುಡುಕಿ ತೆಗೆದು ಅವರ ಮುಂದಿಟ್ಟೆ. ಅವರ ಮುಖ ನೋಡಬೇಕಿತ್ತು.

ಅಂದಿನಿಂದ ದಿನಾ ಸಂಜೆ ಆರು ಗಂಟೆಗೆ ನಮ್ಮ ಮೀಟಿಂಗ್. ನಾನು ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದೊಂದೇ ಓದುತ್ತಿದ್ದೆ, ಅವರು ಎಡಗೈಯಲ್ಲಿ ಕೆಂಪು ಪೆನ್ನು ಹಿಡಿದು ಕೂರುತ್ತಿದ್ದರು. ನಾನು ಶಾರ್ಲೆಟ್‌ನಲ್ಲಿ ಇಳಿದು ಬದಲಾಯಿಸುವ ವಿಮಾನ ಆರಿಸಿದರೆ ಒಂದು ಕಾಟು. ನಮ್ಮ ಹತ್ತಿರದ ಡಲ್ಲಸ್ ವಿಮಾನ ನಿಲ್ದಾಣದಿಂದ ನೇರ ಹೋಗುವುದಕ್ಕೆ ಸರಿ ಗುರುತು. ವೀಲ್‌ಚೇರ್ ಬೇಕು ಎಂದು ಬರೆದರೆ ಎರಡು ಕಾಟು. "ದೂರ ನಡೀಬೇಕಾಗುತ್ತೆ ರೀ" ಅಂದೆ. ಊರುಗೋಲನ್ನು ಎತ್ತಿ ತೋರಿಸಿದರು. ಕಿಟಕಿ ಸೀಟು ಅವರಿಗೇ ಬೇಕು, ಹೋಟೆಲ್ ಹಳೆಯ ಪೇಟೆಯ ಒಳಗೇ ಇರಬೇಕು, ಮೆಟ್ಟಿಲಿಲ್ಲದ ಕೋಣೆ ಎಂದು ನಾನು ಹೇಳಿದ್ದಕ್ಕೆ ಮಾತ್ರ ಮನಸ್ಸಿಲ್ಲದ ಮನಸ್ಸಿನಿಂದ ತಲೆಯಾಡಿಸಿದರು. ಕೆಲವು ದಿನ ಬೇಕೆಂದೇ ತಪ್ಪು ಓದುತ್ತಿದ್ದೆ, ರೇಗಿ ಒಂದು ಮಾತಾದರೂ ಆಡಲಿ ಎಂದು. ಪೆನ್ನು ಆಡುತ್ತಿತ್ತು, ಬಾಯಿ ಆಡುತ್ತಿರಲಿಲ್ಲ. ಡಾಕ್ಟರು ವಿಮಾನದಲ್ಲಿ ಹೋಗಬಹುದು ಎಂದು ಒಪ್ಪಿದ ಮೇಲೆ ಮಾರ್ಚ್ ಕೊನೆಯ ಒಂದು ಗುರುವಾರಕ್ಕೆ ಟಿಕೆಟ್ ತೆಗೆದೆ. ಅನಘಾ ಶನಿವಾರ ಏಪೆಕ್ಸ್‌ನಿಂದ ಕಾರಿನಲ್ಲಿ ಬಂದು ಸೇರಿಕೊಳ್ಳುವುದೆಂದು ಮಾತಾಯಿತು.

ಟಿಕೆಟ್ ತೆಗೆದ ಮುಂದಿನ ವಾರವೇ ಪೆಟ್ಟು ಬಿತ್ತು. ಆರು ತಿಂಗಳಿಂದ ಪ್ರಗತಿ ಕಾಣುತ್ತಿಲ್ಲ, ಇನ್ನು ಥೆರಪಿಗೆ ಒಪ್ಪಿಗೆಯಿಲ್ಲ ಎಂದು ಇನ್ಶೂರೆನ್ಸ್‌ನವರು ಬರೆದರು. ಕ್ಯಾರೊಲ್ ನನ್ನ ಕೈ ಹಿಡಿದುಕೊಂಡು, "ಮನೆಯಲ್ಲಿ ಬಿಡದೆ ಮಾಡಿಸಿ. ಆದರೆ ತುಂಬ ನಿರೀಕ್ಷೆ ಇಟ್ಟುಕೊಳ್ಳಬೇಡಿ, ಈಗ ಎಲ್ಲಿದ್ದಾರೋ ಅಲ್ಲೇ ಉಳಿಯಲೂಬಹುದು," ಅಂದರು. ಯಜಮಾನರು ಪಕ್ಕದಲ್ಲೇ ಕುಳಿತಿದ್ದರು. ಎಲ್ಲವೂ ಅರ್ಥವಾಗುತ್ತಿತ್ತಲ್ಲ. ದಾರಿಯುದ್ದಕ್ಕೂ ಕಾರಿನ ಕಿಟಕಿಯ ಕಡೆಗೇ ಮುಖ ಮಾಡಿದ್ದರು. ಆ ಸಂಜೆ ಆರು ಗಂಟೆಗೆ ಫೈಲು ಮುಂದಿಟ್ಟರೆ ಮುಚ್ಚಿ ಪಕ್ಕಕ್ಕೆ ಸರಿಸಿಬಿಟ್ಟರು.

ನಾನು ದೇವರ ಮನೆಗೆ ಹೋದೆ. ದೇವರ ಮನೆ ಎಂದರೆ ನಮ್ಮಲ್ಲಿ ಅಡುಗೆಮನೆಯ ಪಕ್ಕದ ಪ್ಯಾಂಟ್ರಿಯ ಮೇಲಿನ ಹಲಗೆ. ನಂಜುಂಡನ ಪಟದ ಮುಂದೆ ನಿಂತು ಅತ್ತೆ. "ಅಪ್ಪಾ, ನಿನ್ನನ್ನು ವೈದ್ಯ ಅನ್ನುತ್ತಾರೆ. ಅವರು ಮೊದಲಿನಂತೆ ಭಾಷಣ ಮಾಡುವುದು ಬೇಡ. ಬಾಯಿಪಾಠವಲ್ಲದ ಒಂದು ಮಾತು, ಅವರಾಗಿ ಯೋಚಿಸಿ ನನ್ನ ಜೊತೆ ಆಡುವ ಒಂದೇ ಒಂದು ಮಾತು ಕೊಡು. ನಿನ್ನ ಸನ್ನಿಧಿಗೆ ಬಂದು ಉರುಳುಸೇವೆ ಮಾಡುತ್ತೇನೆ," ಎಂದು ಹರಕೆ ಹೊತ್ತೆ. ನನಗೆ ಅರವತ್ತು ವರ್ಷ, ಎರಡೂ ಮಂಡಿ ಕೆಟ್ಟಿವೆ. ಅದು ಅವನಿಗೂ ಗೊತ್ತು. ಕೊಡುವುದಾದರೆ ಏನಾದರೂ ಕಷ್ಟದ್ದನ್ನೇ ಕೊಡಬೇಕು ಎಂದು ಅನ್ನಿಸಿತ್ತು.

ಪ್ರವಾಸ ಬಿಟ್ಟುಬಿಡೋಣವೆಂದೂ ಯೋಚಿಸಿದೆ. ಆದರೆ ಎರಡು ದಿನ ಬಿಟ್ಟು ಯಜಮಾನರೇ ಫೈಲು ತೆರೆದು ಕುಳಿತಿದ್ದರು. ಬೇರೆ ಯಾವುದಕ್ಕಲ್ಲದಿದ್ದರೂ ಆ ಗೋಡೆಗಳನ್ನು ನೋಡಲಿ ಎಂದು ಹೊರಡುವ ತಯಾರಿ ಮಾಡಿದೆ.

ಹೊರಡುವ ಮುಂಚಿನ ಭಾನುವಾರ ಮೈಸೂರಿನಲ್ಲಿರುವ ನನ್ನ ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ಪಂಚಾಂಗ ನೋಡದೆ ತರಕಾರಿಗೂ ಹೋಗುವವಳಲ್ಲ.

"ಯಾವ ದಿಕ್ಕಿಗೇ ಹೋಗ್ತಿರೋದು?" ಎಂದು ಕೇಳಿದಳು.

"ದಕ್ಷಿಣಕ್ಕೆ."

"ಗುರುವಾರ ದಕ್ಷಿಣಕ್ಕಾ? ವಾರಶೂಲೆ ಕಣೇ. ಇಂಥ ಸ್ಥಿತೀಲಿ ಅವರನ್ನ ಕರ್ಕೊಂಡು ಶೂಲೆ ಎದುರಿಗೆ ಹೋಗ್ತೀಯಾ?"

"ಟಿಕೆಟ್ ಆಗೋಗಿದೆ ಅಕ್ಕ. ಏರ್‌ಲೈನ್‌ನವರಿಗೆ ಶೂಲೆ ಅಂತ ಹೇಳಕ್ಕಾಗತ್ತಾ?"

"ಹಾಗಿದ್ರೆ ಬುಧವಾರ ಬೆಳಿಗ್ಗೆ ಪ್ರಸ್ಥಾನ ಇಟ್ಬಿಡು. ನಿಮ್ಮನೆಯಿಂದ ದಕ್ಷಿಣಕ್ಕೆ ಯಾರಾದ್ರೂ ಗೊತ್ತಿರೋರು ಇದಾರಾ?"

ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ವಾರದ ಒಂದೊಂದು ದಿನ ಒಂದೊಂದು ದಿಕ್ಕಿಗೆ ಹೊರಡಬಾರದು, ಅದು ವಾರಶೂಲೆ. ಹೊರಡುವ ದಿನ ಒಳ್ಳೆಯದಲ್ಲದಿದ್ದರೆ, ಹಿಂದಿನ ಒಳ್ಳೆಯ ದಿನವೇ ಪ್ರಯಾಣದ ಒಂದು ಗಂಟನ್ನು ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟು ಬರುವುದೇ ಪ್ರಸ್ಥಾನ. ಅಲ್ಲಿಗೆ ಪ್ರಯಾಣ ಅವತ್ತೇ ಶುರುವಾದಂತೆ. ಮರುದಿನ ಹೋಗುವ ದಾರಿಯಲ್ಲಿ ಅದನ್ನು ಎತ್ತಿಕೊಂಡು ಮುಂದೆ ಹೋಗಬೇಕು, ಮನೆಗೆ ವಾಪಸ್ ತರಬಾರದು. ನಮ್ಮ ಅಜ್ಜಿ ಇದನ್ನು ಮಾಡುತ್ತಿದ್ದದ್ದು ನನಗೆ ನೆನಪಿತ್ತು.

"ಬರೀ ಅಕ್ಕಿ ಅರಿಶಿನ ಇಟ್ರೆ ಸಾಲ್ದು. ಅದಿಲ್ದೆ ಹೊರಡಕ್ಕೇ ಆಗಲ್ಲ ಅನ್ನೋ ವಸ್ತು ಇಡ್ಬೇಕು," ಎಂದು ಅಕ್ಕ ಒತ್ತಿ ಹೇಳಿದಳು.

ನಾನು ಟೆಸ್ಟಿಂಗ್‌ನವಳು, ಹೇಳಿದ್ದನ್ನು ಅಕ್ಷರಶಃ ಪಾಲಿಸುವವಳು. ಪ್ರಯಾಣ ಅವರದು. ಯಾವುದಿಲ್ಲದೆ ಅವರು ವಿಮಾನ ಹತ್ತಲಾರರು? ಅವರ ನೀಲಿ ಹೆಗಲಚೀಲಕ್ಕೆ ಒಂದು ಜೊತೆ ಬಟ್ಟೆ, ಒಂದು ಹಿಡಿ ಅಕ್ಕಿ, ಅರಿಶಿನದ ಕೊಂಬು ಹಾಕಿ, ಜೊತೆಗೆ ಅವರ ಪಾಸ್‌ಪೋರ್ಟನ್ನೂ ಪರ್ಸನ್ನೂ ಇಟ್ಟೆ. ಫೋನಿನ ದಿಕ್ಸೂಚಿ ಹಿಡಿದು ನೋಡಿದರೆ ನಮ್ಮ ಬೀದಿಯಲ್ಲಿ ದಕ್ಷಿಣಕ್ಕೆ ಮೂರನೆಯ ಮನೆ ಗೀತಾಳದು. ಬೆಂಗಳೂರಿನ ಹುಡುಗಿ, ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್. ಬುಧವಾರ ಬೆಳಿಗ್ಗೆ ಎಂಟಕ್ಕೆ ಯಜಮಾನರ ಕೈಯಲ್ಲೇ ಚೀಲ ಹಿಡಿಸಿ, ನಿಧಾನವಾಗಿ ನಡೆಸಿಕೊಂಡು ಅವಳ ಮನೆಗೆ ಹೋದೆ.

ಗೀತಾ ಎಲ್ಲ ಕೇಳಿಸಿಕೊಂಡು ನಕ್ಕಳು. "ಅಂದ್ರೆ ಅಂಕಲ್‌ ಬ್ಯಾಗ್‌ನ ಇವತ್ತೇ ನಮ್ಮನೇಲಿ ಚೆಕ್-ಇನ್ ಮಾಡ್ತಿದೀರಾ ಆಂಟಿ?" ಎಂದು ಕೇಳಿ, "ನಾನು ನಾಳೆ ಬೇಗ ಆಫೀಸಿಗೆ ಹೊರಟ್ಹೋಗ್ತೀನಿ. ಗರಾಜ್ ಕೋಡ್ ಕಳಿಸ್ತೀನಿ, ತೆರೆದು ತಗೊಂಡ್ಬಿಡಿ," ಅಂದಳು. ನಾನು ಮನೆಗೆ ಬಂದು ನನ್ನ ಚೆಕ್‌ಲಿಸ್ಟ್‌ನಲ್ಲಿ "ನೀಲಿ ಬ್ಯಾಗು" ಎಂಬುದರ ಮುಂದೆ ಟಿಕ್ ಹಾಕಿದೆ. ಹೊರಟ ಚೀಲ ಹೊರಟಾಯಿತಲ್ಲ.

ಆ ಟಿಕ್ ನನ್ನ ತಪ್ಪು. ಗುರುವಾರ ಬೆಳಿಗ್ಗೆ ಟ್ಯಾಕ್ಸಿ ಹತ್ತು ನಿಮಿಷ ಮುಂಚೆ ಬಂತು. ಅವರ ಮಾತ್ರೆ, ಊರುಗೋಲು, ಚಾರ್ಲ್ಸ್‌ಟನ್ ಫೈಲು, ದಾರಿಗೆ ಚಪಾತಿ ಸುರುಳಿ, ಎಲ್ಲವನ್ನೂ ಪಟ್ಟಿಯ ಪ್ರಕಾರ ನೋಡಿಕೊಂಡೆ. ಎಲ್ಲದಕ್ಕೂ ಟಿಕ್ ಇತ್ತು. ಟ್ಯಾಕ್ಸಿ ಗೀತಾಳ ಮನೆಯ ಮುಂದೆಯೇ ಹಾದುಹೋಯಿತು. ಯಜಮಾನರು ಆ ಕಡೆ ತಿರುಗಿ ಕಿಟಕಿಯ ಗಾಜನ್ನು ಎಡಗೈಯಿಂದ ತಟ್ಟಿದರು. "ಹೌದು ರೀ, ಗೀತಾ ಮನೆ," ಎಂದು ನಾನು ಅವರ ತೊಡೆ ಸವರಿದೆ.

ಡಲ್ಲಸ್‌ನಲ್ಲಿ ಸೆಕ್ಯೂರಿಟಿಯ ಸಾಲು ಸೇರಿದಾಗ ಇನ್ನೂ ಬೇಕಾದಷ್ಟು ಸಮಯವಿತ್ತು. ನನ್ನ ಲೈಸೆನ್ಸ್ ಕೊಟ್ಟೆ. ಅಲ್ಲಿ ಕುಳಿತಿದ್ದ ಅಧಿಕಾರಿಣಿ, ಐವತ್ತರ ಆಸುಪಾಸಿನ ಕಪ್ಪು ಹೆಂಗಸು, ಯಜಮಾನರ ಕಡೆ ಕೈ ಚಾಚಿದರು. ನಾನು ನನ್ನ ವ್ಯಾನಿಟಿ ಬ್ಯಾಗಿಗೆ ಕೈ ಹಾಕಿದೆ. ಇಲ್ಲ. ಕ್ಯಾಬಿನ್ ಪೆಟ್ಟಿಗೆ ತೆರೆದೆ. ಇಲ್ಲ. ಫೈಲನ್ನು ಬಿಚ್ಚಿ ಒದರಿದೆ. ಹಿಂದೆ ಇದ್ದ ಜನ ಬೇರೆ ಸಾಲಿಗೆ ಹೋಗತೊಡಗಿದರು. ಎಷ್ಟೋ ವರ್ಷದಿಂದ ಅವರ ಪಾಸ್‌ಪೋರ್ಟ್ ಯಾವಾಗಲೂ ನೀಲಿ ಚೀಲದಲ್ಲಿ, ಚೀಲ ಯಾವಾಗಲೂ ಅವರ ಹೆಗಲ ಮೇಲೆ. ನನ್ನ ತಲೆಯಲ್ಲಿ ಅದು ಬಿಟ್ಟು ಬೇರೇನೂ ಇರಲಿಲ್ಲ. ಬುಧವಾರ ಎಂಬ ದಿನವೇ ಅಳಿಸಿಹೋಗಿತ್ತು.

ಗುರುತಿನ ಚೀಟಿ ಇಲ್ಲದಿದ್ದರೂ ಒಂದು ದಾರಿಯಿದೆ ಎಂದು ಆ ಹೆಂಗಸು ಹೇಳಿದರು. ತಾವು ಕೆಲವು ಪ್ರಶ್ನೆ ಕೇಳುತ್ತೇವೆ, ಹೆಸರು, ವಿಳಾಸ, ಇಂಥವು, ಅವರೇ ಉತ್ತರಿಸಬೇಕು ಎಂದರು. "ಅವರಿಗೆ ಮಾತು ಬರುವುದಿಲ್ಲ," ಅಂದೆ. "ನೀವು ಅವರ ಪರವಾಗಿ ಹೇಳುವ ಹಾಗಿಲ್ಲ," ಎಂದು ಅವರು ಮೃದುವಾಗಿಯೇ ಹೇಳಿದರು.

ಆಗ ನನಗೆ ಏನಾಯಿತೋ. ಎಂಟು ತಿಂಗಳು ಹಲ್ಲು ಕಚ್ಚಿ ತಡೆದುಕೊಂಡದ್ದೆಲ್ಲ ಒಡೆದು ಬಂತು. ಅಷ್ಟು ಜನರ ಮುಂದೆ ಯಜಮಾನರ ಕಡೆ ತಿರುಗಿ ಕಿರುಚಿದೆ. "ಎಲ್ಲಿ ಬಿಟ್ರಿ ಬ್ಯಾಗ್‌ನ? ಒಂದು ಬ್ಯಾಗ್ ನೋಡ್ಕೊಳಕ್ಕಾಗಲ್ವಾ ನಿಮಗೆ? ಎಲ್ಲಾ ನಾನೇ ಮಾಡ್ಬೇಕಾ? ಟ್ಯಾಕ್ಸೀಲಿ ಬಿಟ್ಟು ಬಂದ್ರಾ?"

ಅವರ ಮುಖ ಕೆಂಪಾಯಿತು. ಊರುಗೋಲನ್ನು ಒಂದು ಸಲ ನೆಲಕ್ಕೆ ಕುಟ್ಟಿದರು. ಕುತ್ತಿಗೆಯ ನರ ಉಬ್ಬಿತು.

"ಬ್ಯಾಗು ಗೀತಾ ಮನೇಲಿದೆ. ನೀನೇ ಇಟ್ಟಿದ್ದು."

ಮೊದಲು ನನಗೆ ಹೊಳೆದದ್ದು, ಅಯ್ಯೋ ಹೌದಲ್ಲ, ಪ್ರಸ್ಥಾನ, ಎಂದು. ಅದಾದ ಮೇಲೆಯೇ ಹೊಳೆದದ್ದು, ಇದನ್ನು ಹೇಳಿದವರು ಯಾರು ಎಂದು. ಅವರಿಗೂ ಆಗಲೇ ಹೊಳೆದಿರಬೇಕು. ಕೋಪ ಇಳಿದು ಅವರ ಬಾಯಿ ತೆರೆದೇ ಉಳಿಯಿತು. ನಾನು ಅವರ ಅಂಗಿ ಹಿಡಿದುಕೊಂಡು ಅಳಲು ಶುರು ಮಾಡಿದೆ.

"ಏನಮ್ಮಾ, ಅವರೇನಂದರು?" ಎಂದು ಆ ಅಧಿಕಾರಿಣಿ ಗಾಬರಿಯಿಂದ ಕೇಳಿದರು.

"ಎಂಟು ತಿಂಗಳಿಂದ ಅವರಿಗೆ ಮಾತಿರಲಿಲ್ಲ," ಎಂದೆ. "ಈಗ ತಪ್ಪು ನನ್ನದು ಅನ್ನುತ್ತಿದ್ದಾರೆ."

ಆಕೆ ನನ್ನನ್ನೂ ಅವರನ್ನೂ ನೋಡಿದರು. "ಹಾಗಿದ್ದರೆ ಹುಷಾರಾಗುತ್ತಿದ್ದಾರೆ ಬಿಡಿ," ಅಂದರು. ಆಮೇಲೆ ಎದ್ದು ಬಂದು ನನಗೊಂದು ಟಿಶ್ಯೂ ಕೊಟ್ಟು, ಯಜಮಾನರ ಭುಜ ತಟ್ಟಿ, ನಮ್ಮನ್ನು ಪಕ್ಕದ ಬೆಂಚಿನಲ್ಲಿ ಕೂರಿಸಿದರು. ಯಾವ ಊರಿನ ಯಾವ ತಾಯಿಯೋ, ನಂಜುಂಡ ಅವರನ್ನು ಚೆನ್ನಾಗಿಟ್ಟಿರಲಿ.

ಆ ಎರಡು ವಾಕ್ಯವಾದ ಮೇಲೆ ಮತ್ತೇನೂ ಬರಲಿಲ್ಲ. ಹೆಸರು ಹೇಳಿ ಎಂದು ಆಕೆ ಕೇಳಿದಾಗಲೂ ಬರಲಿಲ್ಲ. ವಿಮಾನ ಹೋಯಿತು. ಕೌಂಟರಿನವರು ಮರುದಿನ ಬೆಳಗಿನ ವಿಮಾನಕ್ಕೆ ನಮ್ಮನ್ನು ಬದಲಾಯಿಸಿದರು. ಮನೆಗೆ ಬಂದು ಅಕ್ಕನಿಗೆ ಫೋನ್ ಮಾಡಿದರೆ ಅವಳು ಅಳುತ್ತಲೇ, "ಶುಕ್ರವಾರ ದಕ್ಷಿಣಕ್ಕೆ ಶೂಲೆ ಇಲ್ಲ. ಬ್ಯಾಗ್ ಮಾತ್ರ ಮನೆಗೆ ತರ್ಬೇಡ ಕಣೇ," ಅಂದಳು. ಆ ರಾತ್ರಿ ಪಾಸ್‌ಪೋರ್ಟ್ ಗೀತಾಳ ಗರಾಜಿನಲ್ಲೇ ಉಳಿಯಿತು.

ಅನಘಾ ಮಾತ್ರ ನಂಬಲಿಲ್ಲ. "ಅಮ್ಮಾ, ಆರ್ ಯೂ ಶೂರ್?" ಎಂದು ಮೆಲ್ಲಗೆ ಕೇಳಿದಳು. ನನಗೆ ಬೇಕು ಅಂತ ಹಾಗೆ ಕೇಳಿಸಿರಬಹುದು ಎಂದು ಇಂಗ್ಲಿಷಿನಲ್ಲೇ ಸೇರಿಸಿದಳು. ಅವಳದು ತಪ್ಪಲ್ಲ. ಆಸ್ಪತ್ರೆಯಲ್ಲಿ ಪಂಚಾಕ್ಷರಿ ಕೇಳಿ ನಾನು ಹೀಗೆಯೇ ಕುಣಿದು ಅವಳಿಗೆ ಫೋನ್ ಮಾಡಿದ್ದೆ. ಅಪ್ಪನಿಗೆ ಕೊಡುತ್ತೇನೆ ಎಂದು ಫೋನನ್ನು ಅವರ ಕಿವಿಗೆ ಹಿಡಿದೆ. ಅವರು ತುಟಿ ಆಡಿಸಿದರು, ಬರಲಿಲ್ಲ. ಅನಘಾ ಎಂದಿನಂತೆ "ಲವ್ ಯೂ ಅಪ್ಪ, ಬೈ," ಎಂದು ಇಟ್ಟಳು. ಆ ಸಂಜೆ ನನಗೇ ಅನುಮಾನ ಬರತೊಡಗಿತು.

ಶುಕ್ರವಾರ ಬೆಳಿಗ್ಗೆ ಟ್ಯಾಕ್ಸಿ ನಮ್ಮ ಬೀದಿಯ ತಿರುವಿಗೆ ಬರುವ ಮುಂಚೆಯೇ ಯಜಮಾನರು ಡ್ರೈವರಿನ ಸೀಟನ್ನು ತಟ್ಟಿದರು. "ಬ್ಯಾಗು," ಅಂದರು. ಆ ಡ್ರೈವರಿಗೆ ಕನ್ನಡ ಬಾರದಿದ್ದರೂ ಕಾರು ನಿಂತಿತು. ನಾನು ಇಳಿದು ಗರಾಜ್ ತೆರೆದು ಚೀಲ ಎತ್ತಿಕೊಂಡು ಬಂದು ಅವರ ಹೆಗಲಿಗೆ ಹಾಕಿದೆ. ಅನುಮಾನ ಅಲ್ಲಿಗೆ ಮುಗಿಯಿತು.

ಚಾರ್ಲ್ಸ್‌ಟನ್ ಚೆನ್ನಾಗಿದೆ. ಬೀದಿಗೆ ಪಕ್ಕ ಕೊಟ್ಟು ನಿಂತ ಉದ್ದುದ್ದ ಜಗುಲಿಯ ಮನೆಗಳು, ಮಾರುಕಟ್ಟೆಯಲ್ಲಿ ಕುಳಿತು ಹುಲ್ಲಿನ ಬುಟ್ಟಿ ಹೆಣೆಯುವ ಹೆಂಗಸರು, ಬೇಲಿಯ ತುಂಬ ಹೂವು. ಅದೇ ಊರಿನಲ್ಲಿ ಮನುಷ್ಯರನ್ನು ಹರಾಜು ಹಾಕಿದ ಕಟ್ಟಡವೂ ಉಳಿದಿದೆ. ಅದನ್ನೂ ಹೋಗಿ ನೋಡಿದೆವು. ಆದರೆ ನಮ್ಮ ಪ್ರವಾಸ ಮುಖ್ಯವಾಗಿ ನಡೆದದ್ದು ಗೋಡೆಯಿಂದ ಗೋಡೆಗೆ. ಮೊದಲನೆಯ ಕಬ್ಬಿಣದ ಬಿಲ್ಲೆ ಕಂಡ ಕೂಡಲೇ ಅವರು ಊರುಗೋಲನ್ನು ನನ್ನ ಕೈಗೆ ಕೊಟ್ಟು ಎಡಗೈಯಿಂದ ಅದನ್ನು ಮುಟ್ಟಿದರು. "ಸ... ಸರಳು," ಅಂದರು. ಎರಡು ಮನೆ ದಾಟಿ "ಒಳಗೆ" ಅಂದರು. ಒಂದೊಂದು ಮಾತಿಗೂ ಒಂದೊಂದು ನಿಮಿಷ. ನಾನು ಈ ಸಲ ಎದುರಿಗೇ ನಿಂತು, ಮುಖ ನೋಡುತ್ತ, ಪೂರ್ತಿ ಕೇಳಿಸಿಕೊಂಡೆ. ಮೂವತ್ತು ವರ್ಷದ ಸಾಲ ತೀರಿಸಿದಂತೆ ಎಂದು ಹೇಳಲಾರೆ, ಅದು ಅಷ್ಟು ಸುಲಭಕ್ಕೆ ತೀರುವುದಲ್ಲ.

ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಅನಘಾ ಬಂದಳು. ನಾವು ಸಮುದ್ರದ ಕಡೆಯ ಪಾರ್ಕಿನಲ್ಲಿ ದೊಡ್ಡ ಓಕ್ ಮರದ ಕೆಳಗೆ ಬೆಂಚಿನಲ್ಲಿದ್ದೆವು. ಐದು ಗಂಟೆ ಒಂದೇ ಸಮನೆ ಡ್ರೈವ್ ಮಾಡಿ ಬಂದಿದ್ದಳು, ಮುಖ ಬಾಡಿತ್ತು. ನಾನು ಅವಳ ಅಪ್ಪನ ಕಡೆ ನೋಡುತ್ತ, ಹೇಳಿ, ಏನಾದರೂ ಹೇಳಿ, ಎಂದು ಕಣ್ಣಲ್ಲೇ ಪೀಡಿಸುತ್ತಿದ್ದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಮಗಳ ಮುಖವನ್ನೇ ನೋಡುತ್ತಿದ್ದರು. ಅವಳು ಬಗ್ಗಿ ಅವರನ್ನು ತಬ್ಬಿಕೊಂಡು, "ಹಾಯ್ ಅಪ್ಪ," ಎಂದು ಎದ್ದು ನಿಲ್ಲುವಷ್ಟರಲ್ಲಿ ಅವರು ಅವಳ ಮಣಿಕಟ್ಟು ಹಿಡಿದುಕೊಂಡರು.

"ಊಟ... ಊಟ ಆಯ್ತಾ?"

ಅವಳು ಚಿಕ್ಕವಳಿದ್ದಾಗಿನಿಂದ ದಿನಾ ಕೇಳಿಸಿಕೊಂಡ ಪ್ರಶ್ನೆ. ಫೋನಿನಲ್ಲಿ ಅಪ್ಪ ಇದನ್ನು ಕೇಳಿದರೆ, "ಯೆಸ್ ಅಪ್ಪ, ಐ ಏಟ್," ಎಂದು ಬೇಸರದಿಂದ ಹೇಳುತ್ತಿದ್ದವಳು. ಬೆಂಚಿನ ಮೇಲೆ ಕುಸಿದು ಕುಳಿತಳು. ಅಪ್ಪನ ಕೈ ಹಿಡಿದುಕೊಂಡು, "ಇಲ್ಲ ಅಪ್ಪ. ಇನ್ನೂ ಇಲ್ಲ. ನಿಮ್ ಜೊತೆ ಮಾಡಣ ಅಂತ ಬಂದೆ," ಅಂದಳು. ಅವಳ ಬಾಯಲ್ಲಿ ಅಷ್ಟುದ್ದದ ಕನ್ನಡ ನಾನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ಮೂವರೂ ಆ ಬೆಂಚಿನಲ್ಲೇ ಕುಳಿತು ಉಳಿದಿದ್ದ ಚಪಾತಿ ಸುರುಳಿ ತಿಂದೆವು.

ವಾಪಸ್ ಬಂದು ಕ್ಯಾರೊಲ್‌ಗೆ ಹೇಳಿದೆ. ಅವರು ಮತ್ತೆ ಪರೀಕ್ಷೆ ಮಾಡಿ ಬರೆದುಕೊಟ್ಟ ಮೇಲೆ ಥೆರಪಿ ಪುನಃ ಶುರುವಾಯಿತು. ಕೋಪದಂಥ ಬಲವಾದ ಭಾವನೆ ಬಂದಾಗ ಮಾತು ಕೆಲವೊಮ್ಮೆ ಬೇರೆ ದಾರಿಯಿಂದ ನುಗ್ಗಿಬರುತ್ತದೆ, ಇದನ್ನು ತಾವು ನೋಡಿದ್ದೇವೆ ಎಂದು ಅವರು ವಿವರಿಸಿದರು. ಇರಬಹುದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಪಟ್ಟಿ ಮಾಡಿ ಟಿಕ್ ಹಾಕದೆ ಹಾಲು ತರಲೂ ಹೋಗದ ನನಗೆ, ಮೂರು ಮನೆ ಆಚೆ ಇಟ್ಟ ಚೀಲವನ್ನು ಮರೆಸಿದ್ದು ಯಾರು? ಅವರು ಕಿಟಕಿ ತಟ್ಟಿ ತೋರಿಸಿದರೂ ನನ್ನ ಕಣ್ಣಿಗೆ ಮಂಕು ಕವಿಸಿದ್ದು ಯಾರು? ನಾನು ಒಂದು ಮಾತು ಬೇಡಿದ್ದೆ. ಅದು ಸಿಹಿ ಮಾತಾಗಿರಲಿ ಎಂದು ಬೇಡಿರಲಿಲ್ಲ. ವೈದ್ಯನಾದವನು ಯಾವ ಮದ್ದು ಎಲ್ಲಿ ನಾಟುತ್ತದೆ ಎಂದು ನೋಡಿಯೇ ಕೊಡುತ್ತಾನೆ.

ಡಿಸೆಂಬರಿನಲ್ಲಿ ನಂಜನಗೂಡಿಗೆ ಹೋಗಿ ಹರಕೆ ತೀರಿಸಿದೆ. ನಾನು ಒದ್ದೆ ಸೀರೆಯಲ್ಲಿ ಉರುಳುತ್ತಿದ್ದರೆ ಯಜಮಾನರು ಊರುಗೋಲು ಹಿಡಿದು ಪಕ್ಕದಲ್ಲೇ ನಡೆಯುತ್ತ, "ಮಂಡಿ... ಮಂಡಿ ಜೋಪಾನ," ಎನ್ನುತ್ತಿದ್ದರು. ಅಕ್ಕ ಹಿಂದಿನಿಂದ ನಗುತ್ತಲೂ ಅಳುತ್ತಲೂ ಬರುತ್ತಿದ್ದಳು.

ಅವರಿಗೆ ಪೂರ್ತಿ ಗುಣವಾಗಿದೆ ಎಂದು ಸುಳ್ಳು ಹೇಳುವುದಿಲ್ಲ. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ನಾಲ್ಕೇ ಮಾತು. ಕೆಲವು ದಿನ ಒಂದು ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಮೇಜು ಗುದ್ದುತ್ತಾರೆ. ನಿಮ್ಮ ಮನೆಯಲ್ಲೂ ಇಂಥವರಿದ್ದರೆ ನನ್ನದೊಂದು ಮಾತು ಕೇಳಿ. ಅವರನ್ನು ನೋಡಿಕೊಳ್ಳಿ, ಆದರೆ ಮೊದಲಿನ ಮನುಷ್ಯ ಹೊರಟುಹೋದನೆಂದು ತಿಳಿದು ಬರೀ ಸವರುತ್ತ ಕೂರಬೇಡಿ. ಒಳಗೆ ಅವರೇ ಇದ್ದಾರೆ, ನಿಮ್ಮ ಜೊತೆ ಜಗಳಕ್ಕೂ ಕಾದಿದ್ದಾರೆ. ಮತ್ತು ಬೇಡಿಕೊಳ್ಳುವುದನ್ನು ನಿಲ್ಲಿಸಬೇಡಿ, ಸಿಟ್ಟು ಬಂದರೆ ಸಿಟ್ಟಿನಿಂದಲೇ ಬೇಡಿಕೊಳ್ಳಿ. ಅವನು ಬೇಸರ ಮಾಡಿಕೊಳ್ಳುವುದಿಲ್ಲ.

ಮೊದಲೆಲ್ಲ ಪಟದ ಮುಂದೆ ನಿಂತರೆ ಅದು ಕೊಡು, ಇದು ಕೊಡು ಎಂದು ನನ್ನದೊಂದು ಉದ್ದ ಪಟ್ಟಿ ಇರುತ್ತಿತ್ತು. ಈಗ ದೀಪ ಹಚ್ಚಿ, ಆ ದಿನ ಇವರು ಏನೇನು ಅಂದರು ಎಂದು ನಂಜುಂಡನಿಗೆ ಒಪ್ಪಿಸಿ ಬರುತ್ತೇನೆ. ಇವತ್ತು ಒಪ್ಪಿಸಿದ್ದು, "ಹುಳಿಗೆ ಉಪ್ಪು ಕಮ್ಮಿ, ನಿನ್ನೇನೂ ಕಮ್ಮಿ ಇತ್ತು, ಹೇಳ್ಲಿಲ್ಲ ಅಷ್ಟೇ."